ಮಾಂಗಲ್ಯವೂ ಹಾಜರಿ ಪುಸ್ತಕವೂ

ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮಡಿಕೇರಿಯಲ್ಲಿಯೂ ತರುವಾಯ ಮದರಾಸಿನಲ್ಲಿಯೂ ವಿದ್ಯಾಭ್ಯಾಸ ಮಾಡಿ, ಸ್ವತಂತ್ರ ಭಾರತದ ಉನ್ನತ ಸೇವೆಗಳ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, 1949ರಲ್ಲಿ ವಿದೇಶಾಂಗ ಸೇವೆಯನ್ನು ಪ್ರವೇಶಿಸಿದ ಪ್ರಥಮ ಮಹಿಳೆಯೆಂದು ಹೆಸರಾದ ಸಿ. ಬಿ. ಮುತ್ತಮ್ಮನವರು, ಆ ಸೇವೆಗೆ ಸೇರುವಾಗ ಒಂದು ಮುಚ್ಚಳಿಕೆಗೆ ರುಜು ಹಾಕಬೇಕಾಯಿತು. ವಿವಾಹವಾದ ಪಕ್ಷದಲ್ಲಿ ಕೆಲಸಕ್ಕೆ ರಾಜೀನಾಮೆ ಕೊಡುವೆನೆಂಬುದೇ ಅದರ ಸಾರ. ಅವರ ಜೊತೆಯಲ್ಲಿ ಸೇವೆಗೆ ಸೇರಿದ ಪುರುಷರಿಂದ ಅಂಥ ಬರಹವನ್ನು ಯಾರೂ ಬರೆಸಿಕೊಳ್ಳಲಿಲ್ಲ; ಅವರ ಪಾಲಿಗೆ ವಿವಾಹವೆಂಬುದು ರಾಯಭಾರದ ಅತಿಥಿಸತ್ಕಾರಗಳನ್ನು ಸಂಬಳವಿಲ್ಲದೆ ನಡೆಸಿಕೊಡುವ ಒಬ್ಬ ಸಹಾಯಕಿಯನ್ನು ಸರ್ಕಾರಕ್ಕೆ ಒದಗಿಸಿಕೊಡುವ ಶುಭಕಾರ್ಯವಾಗಿತ್ತು. ಒಂದೇ ತಾಳಿಯ ಕಟ್ಟು ಒಬ್ಬನ ಯೋಗ್ಯತೆಯನ್ನು ಹೆಚ್ಚಿಸಿ, ಇನ್ನೊಬ್ಬಳ ಯೋಗ್ಯತೆಯನ್ನು ಒಂದೇ ಮುಹೂರ್ತದಲ್ಲಿ ಇಲ್ಲವಾಗಿಸುತ್ತಿತ್ತು.

ಮುತ್ತಮ್ಮನವರು ವಿವಾಹವಾಗಲಿಲ್ಲ. ಪ್ಯಾರಿಸಿನಿಂದ ಮೊದಲ್ಗೊಂಡು ಅನೇಕ ರಾಜಧಾನಿಗಳಲ್ಲಿ ದುಡಿದು, 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ನಿಯುಕ್ತರಾದರು. ವಿಜಯಲಕ್ಷ್ಮೀ ಪಂಡಿತರಂಥವರು ಅದಕ್ಕೆ ಬಹು ಹಿಂದೆಯೇ ರಾಯಭಾರಿಗಳಾಗಿದ್ದರೆಂಬುದು ನಿಜವಾದರೂ, ಅವರದು ರಾಜಕೀಯ ಕ್ಷೇತ್ರದಿಂದ ಬಂದ ನೇಮಕ. ಸೇವೆಯ ಒಳಗಿನಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಏರಿ ಆ ಪದವಿಯನ್ನು ಮುಟ್ಟಿದ ಮೊದಲಿಗಳು ಕೊಡಗಿನ ಈ ಮಗಳೇ. ಆದರೆ ಅವರು ಏರುತ್ತಿದ್ದ ಅವಧಿಯಲ್ಲಿಯೇ ಸೇವೆಯ ನಿಯಮಗಳು 1961ರಲ್ಲಿ ಹೊಸದಾಗಿ ಅಚ್ಚಾಗಿ, ಹಳೆಯ ಭಾವನೆಗೆ ಹೊಸ ಅಕ್ಷರಗಳನ್ನು ತೊಡಿಸಿದ್ದವು. ಸೇವೆಯಲ್ಲಿರುವ ಸ್ತ್ರೀ ವಿವಾಹವಾಗುವ ಮುನ್ನ ಸರ್ಕಾರದ ಲಿಖಿತ ಅನುಮತಿಯನ್ನು ಪಡೆಯತಕ್ಕದ್ದು. ವಿವಾಹಾನಂತರ ಆಕೆಯ ಕೌಟುಂಬಿಕ ಹೊಣೆಗಳು ಕರ್ತವ್ಯಪಾಲನೆಗೆ ಅಡ್ಡಿಯಾಗುವ ಸಂಭವವಿದೆಯೆಂದು ಸರ್ಕಾರಕ್ಕೆ ತೋರಿದಲ್ಲಿ ರಾಜೀನಾಮೆ ಕೇಳಬಹುದು. ವಿವಾಹಿತ ಸ್ತ್ರೀಗೆ ಸೇವೆಗೆ ನೇಮಕಗೊಳ್ಳುವ ಹಕ್ಕು ಹಕ್ಕಾಗಿ ಇರತಕ್ಕದ್ದಲ್ಲ. ಸಂವಿಧಾನವು ಲಿಂಗಭೇದವಿಲ್ಲದ ಸಮಾನಾವಕಾಶವನ್ನು ಘೋಷಿಸಿ 11 ವರ್ಷ ಕಳೆದ ಬಳಿಕ ಆ ಸಂವಿಧಾನವನ್ನು ಪರದೇಶಗಳಲ್ಲಿ ಪ್ರತಿನಿಧಿಸತಕ್ಕ ಇಲಾಖೆಯೇ ಇದನ್ನು ಬರೆಯಿತೆಂಬುದು ಗಮನಾರ್ಹ.

ಬಡ್ತಿಯ ವಿಷಯದಲ್ಲಿ ತಮಗೆ ಅನ್ಯಾಯವಾಯಿತೆಂದು ಮನಗಂಡು ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ವ್ಯಾಜ್ಯ ನಡೆಯುತ್ತಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು. ಆಕ್ಷೇಪಿತ ನಿಯಮಗಳಲ್ಲಿ ಒಂದನ್ನು ಈಗಾಗಲೇ ತೆಗೆದಿರುವುದಾಗಿಯೂ ಮತ್ತೊಂದನ್ನು ತೆಗೆಯಲಿರುವುದಾಗಿಯೂ ಅರಿಕೆ ಮಾಡಿಕೊಂಡಿತು. ಹೀಗಾಗಿ 1979ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತಾದರೂ, ಅವರ ಜ್ಯೇಷ್ಠತೆಯನ್ನು ಪುನಃ ಪರಿಶೀಲಿಸಬೇಕೆಂದು ಆದೇಶಿಸಿದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು ಆ ನಿಯಮಗಳ ಬಗ್ಗೆ ಆಡಿದ ಮಾತು ಬಹು ಕಟುವಾದುದು. ಸ್ತ್ರೀಯ ಸಂಸಾರದ ಹೊಣೆ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಪುರುಷನ ಸಂಸಾರದ ಹೊಣೆಯೂ ಹಾಗೆಯೇ ಅಡ್ಡಿಯಾಗಬಹುದಲ್ಲವೆ ಎಂಬುದು ಅವರು ಮುಂದಿಟ್ಟ ಸರಳ ಪ್ರಶ್ನೆ. ಅದಕ್ಕೆ ಸರ್ಕಾರದ ಬಳಿ ಉತ್ತರವಿರಲಿಲ್ಲ. ಇದ್ದಿದ್ದರೆ ನಿಯಮವನ್ನು ತಾನೇ ಹಿಂತೆಗೆದುಕೊಳ್ಳುವ ಆತುರವೂ ಇರುತ್ತಿರಲಿಲ್ಲವೆಂದು ಊಹಿಸಿದರೆ ತಪ್ಪಾಗದು.

ರಾಯಭಾರಿಗಳ ಎತ್ತರದಲ್ಲಿ ನಡೆದ ಈ ವಾದವೇ ಅದಕ್ಕೂ ಸುಮಾರು 14 ವರ್ಷ ಮೊದಲು, ಮುಂಬಯಿಯ ಔಷಧ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದ ಮಟ್ಟದಲ್ಲಿ ನಡೆದಿತ್ತು. ಆ ವಿಭಾಗದಲ್ಲಿ ದುಡಿಯುವ ಹೆಣ್ಣುಮಗಳು ಮದುವೆಯಾದೊಡನೆ ಅವಳ ನೌಕರಿ ತಾನಾಗಿಯೇ ಕೊನೆಗೊಳ್ಳುವುದೆಂಬ ಷರತ್ತನ್ನು ಕಂಪನಿ ಹಾಕಿತ್ತು. ಬಾಂಬೆ ಲೇಬರ್ ಯೂನಿಯನ್ ಅದನ್ನು ಪ್ರಶ್ನಿಸಿ, ಕೈಗಾರಿಕಾ ನ್ಯಾಯಮಂಡಲಿಯಲ್ಲಿ ಸೋತು, ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದಿತು. ಯಜಮಾನರ ವಾದವನ್ನು ನಾವು ಸಮಾಧಾನದಿಂದ ಕೇಳುವುದು ಒಳ್ಳೆಯದು, ಏಕೆಂದರೆ ಮುಂದಿನ 60 ವರ್ಷಗಳಲ್ಲಿ ಅದರಲ್ಲಿ ಬದಲಾದುದು ಅತ್ಯಲ್ಪ. ಪ್ಯಾಕಿಂಗ್ ಕೆಲಸ ತಂಡವಾಗಿ ಮಾಡತಕ್ಕದ್ದು. ಒಬ್ಬಳು ಗೈರುಹಾಜರಾದರೆ ಇಡೀ ತಂಡ ಕುಂಟುತ್ತದೆ. ಮದುವೆಯಾದವರು ಹೆಚ್ಚು ಗೈರುಹಾಜರಾಗುತ್ತಾರೆ. ಆದಕಾರಣ ಮದುವೆಯಾಗದವರೇ ಬೇಕು. ನ್ಯಾಯಾಲಯ ಕೊಟ್ಟ ಉತ್ತರದ ತರ್ಕ ಸೊಗಸಾಗಿದೆ. ಮಕ್ಕಳಿರುವುದರಿಂದ ಗೈರುಹಾಜರಿ ಹೆಚ್ಚುವುದಾದರೆ, ಮಕ್ಕಳಿರುವ ವಿಧವೆಯ ವಿಷಯದಲ್ಲಿಯೂ ಅದು ನಿಜವಾಗಬೇಕಷ್ಟೆ. ಅವಳನ್ನು ಮಾತ್ರ ಏಕೆ ಇರಿಸಿಕೊಂಡಿರಿ? ಅವಿವಾಹಿತೆಯ ಮೇಲೂ ವೃದ್ಧ ತಂದೆತಾಯಿಗಳ ಭಾರವಿರಬಾರದೆಂದು ಎಲ್ಲಿ ಬರೆದಿದೆ? ಇನ್ನು ಉಳಿಯುವುದು ಹೆರಿಗೆಯ ರಜೆಯೊಂದೇ. ಅದಕ್ಕೆ ಕೆಲವರನ್ನು ಮೀಸಲಾಗಿ ಇರಿಸಿಕೊಂಡರಾಯಿತು. ಎಷ್ಟು ಸುಲಭವಾದ ಪರಿಹಾರ! ಆದರೆ ಆ ಮೀಸಲು ಕೈಗಳಿಗೆ ಸಂಬಳ ಕೊಡುವವರು ಯಾರೆಂಬ ಮಾತು ಅಲ್ಲಿ ಬರಲಿಲ್ಲ. ಅದರ ಕಡೆಗೆ ನಾವು ಮುಂದೆ ಬರಲೇಬೇಕಾಗುತ್ತದೆ.

ನ್ಯಾಯಾಲಯಗಳ ವಿವೇಕವೂ ಎಲ್ಲ ಕಾಲದಲ್ಲಿಯೂ ಏಕರೀತಿಯಾಗಿ ಹರಿದಿಲ್ಲ. 1981ರಲ್ಲಿ ಏರ್ ಇಂಡಿಯಾದ ಗಗನಸಖಿಯರ ಪ್ರಕರಣ ಬಂದಾಗ ಅವರ ಸೇವೆಯ ಮೇಲೆ ಮೂರು ಗಡಿಗಳಿದ್ದವು: ವಯಸ್ಸು 35 ತುಂಬುವುದು, ಸೇವೆಗೆ ಸೇರಿದ 4 ವರ್ಷಗಳೊಳಗೆ ಮದುವೆಯಾಗುವುದು, ಅಥವಾ ಮೊದಲ ಬಾರಿಗೆ ಗರ್ಭಧರಿಸುವುದು, ಇವುಗಳಲ್ಲಿ ಯಾವುದು ಮೊದಲು ಬರುವುದೋ ಅಂದಿಗೆ ನೌಕರಿ ಮುಗಿಯುತ್ತಿತ್ತು. ಅದೇ ವಿಮಾನದಲ್ಲಿ ಅವರ ಪಕ್ಕದಲ್ಲಿಯೇ ಪ್ರಯಾಣಿಕರ ಸೇವೆ ಮಾಡುತ್ತಿದ್ದ ಪುರುಷ ಸಿಬ್ಬಂದಿಯ ನಿವೃತ್ತಿವಯಸ್ಸು 58. ಗರ್ಭಧಾರಣೆಯ ಷರತ್ತನ್ನು ನ್ಯಾಯಾಲಯ ಸ್ತ್ರೀಕುಲಕ್ಕೆ ಮಾಡಿದ ಅಪಮಾನವೆಂದು ಖಂಡಿಸಿ ತೆಗೆದುಹಾಕಿತು; ಆದರೆ 4 ವರ್ಷಗಳ ಒಳಗೆ ಮದುವೆಯಾಗಬಾರದೆಂಬುದನ್ನು ಎತ್ತಿಹಿಡಿದು, ಅದರಿಂದ ಹುಡುಗಿಗೆ ಪ್ರೌಢತೆ ಬರುವುದೆಂದೂ ಕುಟುಂಬ ಯೋಜನೆಗೆ ಸಹಾಯವಾಗುವುದೆಂದೂ ಸಮಾಧಾನ ಹೇಳಿತು. ರಾಷ್ಟ್ರದ ಜನಸಂಖ್ಯೆಯನ್ನು ಹತೋಟಿಯಲ್ಲಿಡುವ ಭಾರ ವಿಮಾನದೊಳಗಿನ ಕೆಲವು ನೂರು ತರುಣಿಯರ ಹೆಗಲಿಗೆ ಹೇಗೆ ಬಂದಿತೋ ನಾನರಿಯೆ. ಅವರ ಪುರುಷ ಸಹೋದ್ಯೋಗಿಗಳ ಮದುವೆಯಿಂದ ಜನಸಂಖ್ಯೆಗೆ ಯಾವ ಬಾಧಕವೂ ಇರಲಿಲ್ಲವೆಂದು ಕಾಣುತ್ತದೆ.

ಅದೇನೇ ಇರಲಿ, ಇವೆಲ್ಲವೂ ಬರೆದಿಟ್ಟ ನಿಯಮಗಳು. ಬರೆದುದಕ್ಕೆ ಒಂದು ಗುಣವುಂಟು: ಅದನ್ನು ನ್ಯಾಯಾಧೀಶರ ಮುಂದೆ ಹಿಡಿಯಬಹುದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಸುಧಾ ಮೂರ್ತಿಯವರು ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಸಾಲನ್ನು ಕಂಡು, ಜೆ. ಆರ್. ಡಿ. ಟಾಟಾ ಅವರಿಗೆ ಕಾರ್ಡು ಬರೆದು, ಅದರಿಂದ ಕೆಲಸ ಪಡೆದ ಕಥೆಯನ್ನು ಕನ್ನಡಿಗರು ಎಷ್ಟೋ ಸಲ ಕೇಳಿದ್ದಾರೆ. ಜಾಹೀರಾತಿನಲ್ಲಿ ಆ ಸಾಲು ಅಚ್ಚಾಗಿದ್ದುದರಿಂದಲೇ ಅದು ಸಾಧ್ಯವಾಯಿತೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಚ್ಚಾಗದೆ ಮನಸ್ಸಿನಲ್ಲಿಯೇ ಉಳಿದ ಸಾಲಿಗೆ ಉತ್ತರವಾಗಿ ಯಾರಿಗೆ ಕಾರ್ಡು ಬರೆಯುವುದು? ಜೀವವಿಮಾ ನಿಗಮದಲ್ಲಿ ಕೆಲಸಕ್ಕೆ ಸೇರಿದ ಒಬ್ಬ ಮಹಿಳೆ, ಪರೀಕ್ಷಾವಧಿಯಲ್ಲಿಯೇ ಹೆರಿಗೆಯ ರಜೆ ಪಡೆದುದರಿಂದ, ಗರ್ಭಿಣಿಯಾಗಿದ್ದುದನ್ನು ಮರೆಮಾಚಿದಳೆಂಬ ಕಾರಣಕ್ಕೆ ನೌಕರಿ ಕಳೆದುಕೊಂಡ ಪ್ರಕರಣ 1991ರಲ್ಲಿ ಇತ್ಯರ್ಥವಾದಾಗ, ಅಲ್ಲಿಯವರೆಗೆ ಕಡತಗಳೊಳಗೆ ಅಡಗಿದ್ದ ಒಂದು ನಮೂನೆ ಬೆಳಕಿಗೆ ಬಂದಿತು. ವಿವಾಹಿತ ಸ್ತ್ರೀ ತನ್ನ ಮುಟ್ಟು ಕ್ರಮವಾಗಿದೆಯೆ, ಕೊನೆಯ ಸಲ ಎಂದು ಆದದ್ದು, ಎಷ್ಟು ಸಲ ಗರ್ಭ ನಿಂತಿದೆ, ಎಷ್ಟು ಸಲ ಗರ್ಭಪಾತವಾಗಿದೆ ಎಂಬುದನ್ನೆಲ್ಲ ಅದರಲ್ಲಿ ತುಂಬಿಕೊಡಬೇಕಾಗಿತ್ತು. ನ್ಯಾಯಾಲಯ ಆಕೆಯನ್ನು ಪುನಃ ಕೆಲಸಕ್ಕೆ ತೆಗೆದುಕೊಳ್ಳಹೇಳಿ, ಆ ಕಲಮುಗಳನ್ನು ತೆಗೆದುಹಾಕಬೇಕೆಂದು ನಿಗಮಕ್ಕೆ ಸೂಚಿಸಿತು. ಕಾಗದದ ಮೇಲಿನ ಪ್ರಶ್ನೆ ಅಳಿಯಿತು; ಆದರೆ ಸಂದರ್ಶನದ ಕೊನೆಯಲ್ಲಿ, ಕಾಫಿಯ ಲೋಟ ಕೆಳಗಿಡುತ್ತ, ತಂದೆಯಂಥ ಧ್ವನಿಯಲ್ಲಿ, “ಮದುವೆ ಏನಾದ್ರೂ ನಿಶ್ಚಯ ಆಗಿದೆಯೇನಮ್ಮಾ?” ಎಂದೋ, “ಮಗು ಇನ್ನೂ ಚಿಕ್ಕದು ಅಂತೀಯ, ಮನೇಲಿ ಯಾರು ನೋಡ್ಕೊಳ್ತಾರೆ?” ಎಂದೋ ಕೇಳಲ್ಪಡುವ ಪ್ರಶ್ನೆಗೆ ಕಲಮೂ ಇಲ್ಲ, ಕಡತವೂ ಇಲ್ಲ. ಆಯ್ಕೆಯಾಗದವಳಿಗೆ ಬರುವ ಪತ್ರದಲ್ಲಿ ಕಾರಣವನ್ನು ಬರೆಯುವ ಪದ್ಧತಿಯಿಲ್ಲ.

ಹಾಗೆ ಕೇಳುವ ಯಜಮಾನನನ್ನು ಕೇವಲ ದುಷ್ಟನೆಂದು ತಿಳಿದುಬಿಡುವುದು ಸುಲಭ, ಆದರೆ ಅದರಿಂದ ವಿಷಯ ಅರ್ಥವಾಗುವುದಿಲ್ಲ. ಆತನ ಲೆಕ್ಕವನ್ನು ಒಮ್ಮೆ ಆತನ ಮೇಜಿನ ಬಳಿಯೇ ಕುಳಿತು ನೋಡಬೇಕು. ಹತ್ತು ಹನ್ನೆರಡು ಜನ ದುಡಿಯುವ ಒಂದು ಸಣ್ಣ ಸಂಸ್ಥೆ. ಲೆಕ್ಕಪತ್ರ ನೋಡಿಕೊಳ್ಳಲು ತಿಂಗಳಿಗೆ 30,000 ರೂಪಾಯಿ ಸಂಬಳದ ಒಬ್ಬರು ಬೇಕು. ಸಮಾನ ಅರ್ಹತೆಯ ಒಬ್ಬ ಗಂಡು, ಒಬ್ಬ ಹೆಣ್ಣು ಎದುರಿಗಿದ್ದಾರೆ. 1961ರ ಹೆರಿಗೆ ಸೌಲಭ್ಯ ಕಾಯಿದೆ 10 ಅಥವಾ ಹೆಚ್ಚು ಜನರಿರುವ ಅಂಗಡಿಗಳಿಗೂ ಅನ್ವಯವಾಗುತ್ತಿತ್ತು. ಮೊದಲು 12 ವಾರಗಳಿದ್ದ ಸವೇತನ ರಜೆ 2017ರ ತಿದ್ದುಪಡಿಯಿಂದ, ಮೊದಲ ಎರಡು ಹೆರಿಗೆಗಳಿಗೆ, 26 ವಾರಗಳಿಗೆ ಏರಿತು. ಅಂದರೆ 1,80,000 ರೂಪಾಯಿ ಆಕೆಗೆ. ಅದೇ ಆರು ತಿಂಗಳು ಆ ಕುರ್ಚಿಯಲ್ಲಿ ಕುಳ್ಳಿರಿಸಿಕೊಳ್ಳುವ ಬದಲಿ ನೌಕರನಿಗೆ ಹೆಚ್ಚುಕಡಮೆ ಅಷ್ಟೇ. ತಾಯಿಗೂ ಶಿಶುವಿಗೂ ಆ ಕಾಲ ಅತ್ಯವಶ್ಯಕವಾದುದರಲ್ಲಿ ಸಂದೇಹವಿಲ್ಲ. ಲೋಕದ ಬಹುಪಾಲು ರಾಷ್ಟ್ರಗಳಿಗಿಂತ ನಮ್ಮ ಕಾನೂನು ಈ ವಿಷಯದಲ್ಲಿ ಉದಾರವಾಗಿಯೇ ಇದೆ. ಆದರೆ ಆ ಔದಾರ್ಯದ ಹಣವನ್ನು ಸರ್ಕಾರ ತನ್ನ ಬೊಕ್ಕಸದಿಂದ ಕೊಡುವುದಿಲ್ಲ. ಆ ಒಬ್ಬ ಹೆಣ್ಣುಮಗಳನ್ನು ಕೆಲಸಕ್ಕೆ ತೆಗೆದುಕೊಂಡ ಆ ಒಬ್ಬ ಯಜಮಾನನೇ ತನ್ನ ತಿಜೋರಿಯಿಂದ ಕೊಡಬೇಕು. ಗಂಡಸರನ್ನೇ ತುಂಬಿಕೊಂಡಿರುವ ಎದುರು ಬೀದಿಯ ಸಂಸ್ಥೆಗೆ ಒಂದು ಕಾಸಿನ ಖರ್ಚೂ ಇಲ್ಲ. ರಜೆಯ ಮೇಲಿರುವವಳನ್ನು ಕೆಲಸದಿಂದ ತೆಗೆದರೆ ಕಾನೂನು ಹಿಡಿಯುತ್ತದೆ. ಮೊದಲೇ ತೆಗೆದುಕೊಳ್ಳದಿದ್ದರೆ ಹಿಡಿಯುವವರಿಲ್ಲ. ಇಂಥ ಏರ್ಪಾಡಿನಲ್ಲಿ ಪೂರ್ವಗ್ರಹವಿಲ್ಲದವನಿಗೂ ಪೂರ್ವಗ್ರಹವನ್ನು ಕಲಿಸುವ ಶಕ್ತಿಯಿದೆ.

ಇದಕ್ಕೆ ಬೇರೆ ದಾರಿಯೊಂದು ನಮ್ಮ ದೇಶದಲ್ಲಿಯೇ ರೂಢಿಯಲ್ಲಿದೆ. 1948ರ ಕಾಯಿದೆಯಿಂದ ಮೊದಲಾದ ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಅಂದರೆ ಜನ ಇಎಸ್‌ಐ ಎನ್ನುವುದು, ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರಿಗೆ ಅನ್ವಯಿಸುತ್ತದೆ; ಯಜಮಾನ ಸಂಬಳದ ಶೇಕಡ 3.25ನ್ನೂ ನೌಕರ ಶೇಕಡ 0.75ನ್ನೂ ಒಂದು ಸಾಮಾನ್ಯ ನಿಧಿಗೆ ತೆರುತ್ತಾರೆ, ಹೆರಿಗೆಯ ಕಾಲದ ಹಣ ಆ ನಿಧಿಯಿಂದ ಬರುತ್ತದೆ. ಊರಹಬ್ಬಕ್ಕೆ ಮನೆಮನೆಯಿಂದಲೂ ವಂತಿಗೆ ಎತ್ತುವಂತೆ, ಗಂಡಾಳಿನ ಹೆಸರಿನಲ್ಲಿಯೂ ಹೆಣ್ಣಾಳಿನ ಹೆಸರಿನಲ್ಲಿಯೂ ಸಮನಾಗಿ ತೆತ್ತಾದ ಮೇಲೆ, ಹೆಣ್ಣನ್ನು ದೂರವಿಟ್ಟು ಉಳಿಸಿಕೊಳ್ಳುವುದೇನೂ ಯಜಮಾನನಿಗೆ ಇರುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಮಾತೃತ್ವ ರಕ್ಷಣಾ ಒಡಂಬಡಿಕೆ ಹೇಳುವುದೂ ಇದನ್ನೇ: ಹೆರಿಗೆಯ ವೇತನ ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಬರಬೇಕು, ಒಂಟಿ ಯಜಮಾನನ ಮೇಲೆ ಬೀಳಬಾರದು. ಭಾರತ ಆ ಒಡಂಬಡಿಕೆಗೆ ಒಪ್ಪಿಗೆ ಮುದ್ರೆ ಒತ್ತಿಲ್ಲ. 21,000ದ ಗೆರೆಯಿಂದ ಮೇಲಕ್ಕೆ ಹೋದೊಡನೆ, ಎಂದರೆ ಓದಿದ ಹೆಣ್ಣುಮಕ್ಕಳು ಹೆಚ್ಚಾಗಿ ಹುಡುಕುವ ಮಧ್ಯಮ ತರಗತಿಯ ಕೆಲಸಗಳಲ್ಲಿಯೇ, ಭಾರ ಮತ್ತೆ ಯಜಮಾನನೊಬ್ಬನದಾಗುತ್ತದೆ.

ಕಾನೂನನ್ನು ಬರೆಯುವವರು ಒಂದು ಸಂಖ್ಯೆಯನ್ನು ಹೇಗೆ ಬರೆಯುತ್ತಾರೆಂಬುದರಿಂದಲೂ ಹೆಣ್ಣಿನ ಅನ್ನ ನಿಲ್ಲುತ್ತದೆ, ಹೋಗುತ್ತದೆ. ಕಾರ್ಖಾನೆಗಳ ಕಾಯಿದೆಯ ಪ್ರಕಾರ 30ಕ್ಕಿಂತ ಹೆಚ್ಚು ಸ್ತ್ರೀಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗಳನ್ನು ನೋಡಿಕೊಳ್ಳಲು ಒಂದು ಕೋಣೆ, ದಾದಿ, ಹಾಲು ಇತ್ಯಾದಿಗಳ ಏರ್ಪಾಡಿರಬೇಕಾಗಿತ್ತು. ಉದ್ದೇಶ ಅತಿ ಶ್ಲಾಘ್ಯವಾದುದು. ಫಲವೇನೆಂದರೆ, ಮೂವತ್ತನೆಯವಳವರೆಗೆ ಸುಮ್ಮನಿದ್ದ ಯಜಮಾನನಿಗೆ ಮೂವತ್ತೊಂದನೆಯವಳು ಒಂದು ಕೋಣೆಯನ್ನೂ ಒಬ್ಬ ದಾದಿಯನ್ನೂ ಬೆನ್ನಿಗೆ ಕಟ್ಟಿಕೊಂಡು ಬಂದಂತೆ ಕಾಣುತ್ತಿದ್ದಳು. ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿ ಈ ಲೆಕ್ಕವನ್ನು ಬಿಟ್ಟು, ಗಂಡು ಹೆಣ್ಣೆಂದು ಎಣಿಸದೆ 50 ಅಥವಾ ಹೆಚ್ಚು ನೌಕರರಿರುವಲ್ಲೆಲ್ಲ ಶಿಶುಪಾಲನಾ ಕೇಂದ್ರ ಇರತಕ್ಕದ್ದೆಂದು ವಿಧಿಸಿತು. ಅಷ್ಟು ಸಣ್ಣ ಬದಲಾವಣೆ. ಆ ವಿಧಿಯಲ್ಲಿ ಹೆಣ್ಣಿನ ತಲೆಯನ್ನು ಎಣಿಸುವುದಿಲ್ಲ. ಹತ್ತು ಭಾಷಣಗಳಿಗಿಂತ ಇದರ ಬೆಲೆ ಹೆಚ್ಚೆಂದು ನನ್ನ ಅಭಿಪ್ರಾಯ. ಕೇಂದ್ರ ನಿಜವಾಗಿ ಇದೆಯೋ, ಅಥವಾ ತಪಾಸಣೆಯ ದಿನ ಮಾತ್ರ ಬೀಗ ತೆರೆದು ಗೊಂಬೆಗಳನ್ನು ಜೋಡಿಸಿಡಲಾಗುತ್ತದೆಯೋ ಎಂಬುದು ಬೇರೆ ಮಾತು.

ಹಣದ ಲೆಕ್ಕಕ್ಕಿಂತಲೂ ಗೌರವಾನ್ವಿತವಾಗಿ ಕಾಣಿಸಿಕೊಳ್ಳುವ ಅಡ್ಡಿ ಇನ್ನೊಂದುಂಟು. ಅದರ ಹೆಸರು ರಕ್ಷಣೆ. 1948ರ ಕಾರ್ಖಾನೆಗಳ ಕಾಯಿದೆ ಸ್ತ್ರೀಯರು ಬೆಳಗಿನ 6ಕ್ಕೆ ಮುನ್ನ, ಸಂಜೆಯ 7ರ ನಂತರ ದುಡಿಯುವುದನ್ನು ನಿಷೇಧಿಸಿತು. ಸರ್ಕಾರ ಎಷ್ಟೇ ರಿಯಾಯಿತಿ ಕೊಟ್ಟರೂ ರಾತ್ರಿ 10ರಿಂದ ಮುಂಜಾನೆ 5ರವರೆಗಿನ ಅವಧಿ ಮುಟ್ಟಬಾರದ್ದಾಗಿತ್ತು. ಆಸ್ಪತ್ರೆಗಳ ನರ್ಸಮ್ಮಂದಿರು ಮಾತ್ರ ಆ ಹೊತ್ತಿನಲ್ಲಿ ರೋಗಿಗಳ ಮಂಚದಿಂದ ಮಂಚಕ್ಕೆ ಓಡಾಡುತ್ತಲೇ ಇದ್ದರು. ಅವರ ಮಾನಪ್ರಾಣಗಳ ಬಗ್ಗೆ ಕಾಯಿದೆಗೆ ಅಷ್ಟು ಕಳವಳವಿದ್ದಂತೆ ತೋರದು, ಬಹುಶಃ ಆ ಕೆಲಸಕ್ಕೆ ಗಂಡಸರ ಪೈಪೋಟಿ ಇರಲಿಲ್ಲವಾಗಿ. ಮದರಾಸಿನ ಉಚ್ಚ ನ್ಯಾಯಾಲಯ 2000ದಲ್ಲಿ ಈ ನಿಷೇಧವನ್ನು ಅಸಾಂವಿಧಾನಿಕವೆಂದಿತು. ಕರ್ನಾಟಕ ಸರ್ಕಾರ 2019ರಲ್ಲಿ, ಒಪ್ಪಿಗೆ, ವಾಹನ, ಬೆಳಕು ಮುಂತಾದ ಷರತ್ತುಗಳೊಡನೆ ಕಾರ್ಖಾನೆಗಳ ರಾತ್ರಿ ಪಾಳಿಯನ್ನು ಸ್ತ್ರೀಯರಿಗೆ ತೆರೆಯಿತು. ಮದ್ಯ ಪೂರೈಸುವ ಹೋಟೆಲುಗಳಲ್ಲಿ ಸ್ತ್ರೀಯರು ಕೆಲಸ ಮಾಡಕೂಡದೆಂಬ 1914ರ ಪಂಜಾಬ್ ಅಬಕಾರಿ ಕಾಯಿದೆಯ ವಿಧಿಯನ್ನು 2007ರಲ್ಲಿ ತಳ್ಳಿಹಾಕುತ್ತ ಸರ್ವೋಚ್ಚ ನ್ಯಾಯಾಲಯ ಹೇಳಿದ ಮಾತಿನ ಭಾವ ಇದು: ಅಪಾಯವಿರುವಲ್ಲಿ ಅಪಾಯವನ್ನು ತಡೆಯುವುದು ರಾಜ್ಯದ ಕರ್ತವ್ಯ; ಅಪಾಯಕ್ಕೆ ಗುರಿಯಾಗತಕ್ಕವಳ ಉದ್ಯೋಗವನ್ನು ಕಿತ್ತುಕೊಂಡರೆ ಅದು ರಕ್ಷಣೆಯಾಗದು.

ಆದರೂ ಬೀದಿ ಬೀದಿಯಾಗಿಯೇ ಉಳಿದಿದೆ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಒಂದರ ಉದ್ಯೋಗಿನಿ, ತನ್ನನ್ನು ಪಾಳಿಗೆ ಕರೆದೊಯ್ಯಲು ಬಂದ ಚಾಲಕನೆಂದು ನಂಬಿಸಿದವನಿಂದ ಹತಳಾದ ಬಳಿಕ, ರಾತ್ರಿ ಪಾಳಿಯ ಸ್ತ್ರೀಯರನ್ನು ಮನೆಯಿಂದ ಕರೆತಂದು ಮನೆಗೆ ಬಿಡುವ ಏರ್ಪಾಡುಗಳು ಬಿಗಿಯಾದವು. ಇರಬೇಕಾದುದೇ. ಆದರೆ ಬೀದಿಯ ದೀಪ, ಗಸ್ತು, ಸರಿಹೊತ್ತಿನ ಬಸ್ಸು ಇವು ನಗರ ಒದಗಿಸಬೇಕಾದವುಗಳಾಗಿದ್ದು, ಅವುಗಳ ಕೊರತೆಯ ಬೆಲೆಯೆಲ್ಲ “ಹೆಣ್ಣನ್ನು ತೆಗೆದುಕೊಂಡರೆ ಕ್ಯಾಬಿನ ಖರ್ಚು” ಎಂಬ ಒಂದೇ ಬಾಬತ್ತಿನಲ್ಲಿ ಯಜಮಾನನ ಲೆಕ್ಕಪುಸ್ತಕಕ್ಕೆ ಬಂದು ಸೇರುತ್ತದೆ. ಹೆರಿಗೆಯ ಹಣದ ಪಕ್ಕದಲ್ಲಿಯೇ ಅದೂ ಕುಳಿತುಕೊಳ್ಳುತ್ತದೆ.

ಯಜಮಾನರು ಎಲ್ಲ ಕಡೆಯೂ ಹೆಣ್ಣನ್ನು ಬೇಡವೆನ್ನುತ್ತಾರೆಂದು ಇಷ್ಟರಿಂದ ತೀರ್ಮಾನಿಸಿದರೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳನ್ನು ನೋಡಿ ನಾವು ಬೆರಗಾಗಬೇಕಾಗುತ್ತದೆ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳ ಶೆಡ್ಡುಗಳಲ್ಲಿ ಬೆಳಗ್ಗೆ ಗಂಟೆ ಹೊಡೆಯುವ ಹೊತ್ತಿಗೆ ಒಳಹೋಗುವವರಲ್ಲಿ ಬಹುಮಂದಿ ಹೆಂಗಸರೇ, ಅದರಲ್ಲಿಯೂ ವಿವಾಹಿತೆಯರೇ ಬಹಳ. ಇಲ್ಲಿ ಹೆಣ್ಣು ಬೇಕು; ಏಕೆಂದರೆ ಅವಳ ಬೆರಳು ಚುರುಕು, ಅವಳು ತಗ್ಗಿ ನಡೆಯುತ್ತಾಳೆ, ಸಂಘ ಕಟ್ಟುವುದಿಲ್ಲ, ಮನೆಯ ಬಾಡಿಗೆಯ ಚಿಂತೆಯಿಂದಾಗಿ ಸುಲಭವಾಗಿ ಕೆಲಸ ಬಿಡುವುದಿಲ್ಲ ಎಂಬ ನಂಬಿಕೆ. ಬೇಡವೆಂಬುದಕ್ಕೂ ಬೇಕೆಂಬುದಕ್ಕೂ ಬೇರು ಒಂದೇ. ಆದಕಾರಣವೇ ಹೊಲಿಗೆ ಯಂತ್ರದ ಮುಂದೆ ಕುಳಿತವಳು ಎಷ್ಟು ವರ್ಷ ದುಡಿದರೂ ಹೆಲ್ಪರಿನಿಂದ ಟೈಲರ್ ಆಗುವಳೇ ಹೊರತು, ಗಂಟೆಗೆ ಇಷ್ಟು ತುಂಡೆಂದು ಟಾರ್ಗೆಟ್ ಕೂಗುವ ಸೂಪರ್‌ವೈಸರನ ಜಾಗವೂ ಅವನ ಮೇಲಿನ ಫ್ಲೋರ್ ಇನ್‌ಚಾರ್ಜಿನ ಜಾಗವೂ ಬಹುಮಟ್ಟಿಗೆ ಗಂಡಸರಿಗೇ ಮೀಸಲಾಗಿ ಉಳಿಯುತ್ತವೆ. ತಗ್ಗಿ ನಡೆಯುವರೆಂಬ ನಂಬಿಕೆ ಮಾತ್ರ 2016ರ ಏಪ್ರಿಲಿನಲ್ಲಿ ಒಮ್ಮೆ ಚೆನ್ನಾಗಿ ಸುಳ್ಳಾಯಿತು. ಭವಿಷ್ಯನಿಧಿಯ ಹಣವನ್ನು 58 ವರ್ಷದವರೆಗೆ ಪೂರ್ತಿಯಾಗಿ ಹಿಂಪಡೆಯಲಾಗದಂತೆ ಕೇಂದ್ರ ಸರ್ಕಾರ ನಿಯಮ ಮಾಡಿದಾಗ, ದೊಡ್ಡ ನಾಯಕರಾರೂ ಕರೆಯದೆಯೇ ಸಾವಿರಾರು ಮಂದಿ ಹೆಂಗಸರು ಯಂತ್ರಗಳನ್ನು ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಎರಡನೆಯ ದಿನವೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಕೆಲಸ ಹೆಂಗಸರದೇ ಆಗಿಬಿಟ್ಟಾಗ ಸಂಬಳ ಕುಗ್ಗುವ ರೀತಿಯನ್ನು ಬಲ್ಲವರು ಮ್ಯಾಕಿನನ್ ಮೆಕೆಂಜಿ ಕಂಪನಿಯ ಪ್ರಕರಣವನ್ನು ಮರೆಯಲಾರರು. ಹಿರಿಯ ಅಧಿಕಾರಿಗಳ ಬಳಿ ಗೌಪ್ಯ ಶೀಘ್ರಲಿಪಿಗಾರ್ತಿಯರಾಗಿದ್ದವರಿಗೆ ಕಂಪನಿ ಪುರುಷ ಶೀಘ್ರಲಿಪಿಗಾರರಿಗಿಂತ ಕಡಮೆ ಸಂಬಳ ಕೊಡುತ್ತಿತ್ತು; ಅಧಿಕಾರಿಗಳ ಬಳಿಯ ಆ ಸ್ಥಾನಗಳಲ್ಲಿ ಗಂಡಸರೇ ಇಲ್ಲವಾದ್ದರಿಂದ ಹೋಲಿಕೆಗೆ ಎಡೆಯೇ ಇಲ್ಲವೆಂದೂ, ಸಮಾನವಾಗಿ ಕೊಡುವಷ್ಟು ಹಣವೂ ತನ್ನಲ್ಲಿಲ್ಲವೆಂದೂ ವಾದಿಸಿತು. 1987ರಲ್ಲಿ ತೀರ್ಪು ಬರೆದವರು ಮಂಡ್ಯ ಸೀಮೆಯವರೂ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರೂ ಆದ ಇ. ಎಸ್. ವೆಂಕಟರಾಮಯ್ಯನವರು. ಸ್ತ್ರೀಯರನ್ನೇ ಒಂದು ಸ್ಥಾನದಲ್ಲಿ ಕೂಡಿಹಾಕಿ, ಅಲ್ಲಿ ಪುರುಷರಿಲ್ಲವೆಂದು ಹೇಳುವುದು ನ್ಯಾಯವಾಗದು. 1976ರ ಸಮಾನ ವೇತನ ಕಾಯಿದೆಯ ಪಾಲನೆ ಯಜಮಾನನ ಹಣದ ಅನುಕೂಲವನ್ನು ಅವಲಂಬಿಸಿದ್ದಲ್ಲ ಎಂದು ಅವರು ನಿರ್ಣಯಿಸಿದರು.

ಅದೇ ಕಾಯಿದೆಯ ಹೆಸರು 2024ರ ಜೂನಿನಲ್ಲಿ ಮತ್ತೊಮ್ಮೆ ಕೇಳಿಬಂದಿತು. ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ ಐಫೋನುಗಳನ್ನು ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಜೋಡಣೆಯ ಕೆಲಸಕ್ಕೆ ವಿವಾಹಿತ ಸ್ತ್ರೀಯರನ್ನು ತೆಗೆದುಕೊಳ್ಳದೆ ದೂರವಿಡಲಾಗುತ್ತಿದೆಯೆಂದು ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ನೇಮಕದವರು ಕೊಟ್ಟ ಕಾರಣಗಳೆಂದು ಅದರಲ್ಲಿದ್ದವು ನಮಗೆ ಪರಿಚಿತವಾದವುಗಳೇ: ಮನೆಯ ಜವಾಬ್ದಾರಿ, ಬಸಿರು, ಗೈರುಹಾಜರಿ, ಹೊಸದೆಂದರೆ, ತಾಳಿ ಕಾಲುಂಗುರಗಳ ಲೋಹ ಕೆಲಸಕ್ಕೆ ಅಡ್ಡಿಯಾಗುವುದೆಂಬ ಮಾತೊಂದೇ. ತಾನು ಭೇದಭಾವ ಮಾಡುವುದಿಲ್ಲವೆಂದು ಕಂಪನಿ ನಿರಾಕರಿಸಿತು. ಕೇಂದ್ರ ಕಾರ್ಮಿಕ ಸಚಿವಾಲಯ ತಮಿಳುನಾಡು ಸರ್ಕಾರದಿಂದ ವರದಿ ಕೇಳಿತು. ಕೆಲವು ತಿಂಗಳುಗಳ ತರುವಾಯ, ಜಾಹೀರಾತುಗಳಲ್ಲಿ ವಿವಾಹದ ಪ್ರಸ್ತಾಪ ಬೇಡವೆಂದು ನೇಮಕದ ಏಜೆಂಟರಿಗೆ ಸೂಚನೆ ಹೋಯಿತೆಂದೂ ಸುದ್ದಿ ಬಂದಿತು. ಅದೇ ಕಂಪನಿ ಈಗ ನಮ್ಮ ದೇವನಹಳ್ಳಿಯ ಬಳಿ ದೊಡ್ಡ ಕಾರ್ಖಾನೆಯನ್ನು ನಡೆಸುತ್ತಿದೆ, ಅಲ್ಲಿ ಸೇರಿದವರಲ್ಲಿ ಬಹುಮಂದಿ ತರುಣಿಯರು. ಜಾಹೀರಾತಿನಿಂದ ಸಾಲನ್ನು ತೆಗೆಯುವುದಕ್ಕೂ ಮನಸ್ಸಿನಿಂದ ತೆಗೆಯುವುದಕ್ಕೂ ಇರುವ ಅಂತರವನ್ನು ಅಳೆಯಬೇಕೆಂದಿರುವವರು ಇನ್ನು ಹತ್ತು ವರ್ಷಗಳ ಬಳಿಕ, ಆ ತರುಣಿಯರಿಗೆ ಮದುವೆಯಾಗಿ ಮಕ್ಕಳಾದ ಮೇಲೆ, ಅಲ್ಲಿನ ಹಾಜರಿ ಪುಸ್ತಕವನ್ನು ತೆರೆದು ನೋಡಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಯಜಮಾನನ ಒಂದು ಮಾತನ್ನು ನಾವು ಅಲ್ಲಗಳೆಯಲಾರೆವು: ಮನೆಯ ಕೆಲಸ ಹೆಣ್ಣಿನ ಮೇಲೆಯೇ ಬಿದ್ದಿದೆಯೆಂಬುದು ಆತನ ಕಲ್ಪನೆಯಲ್ಲ. ಭಾರತ ಸರ್ಕಾರದ 2024ರ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಸ್ತ್ರೀಯರು ದಿನಕ್ಕೆ 289 ನಿಮಿಷಗಳನ್ನು ಅದರಲ್ಲಿ ಕಳೆದರೆ, ಮಾಡುವ ಪುರುಷರು ಕಳೆದುದು 88 ನಿಮಿಷ. ಎಂದೂ ಕೈಹಚ್ಚದ ಗಂಡಸರು ಈ ಲೆಕ್ಕಕ್ಕೆ ಸೇರಿಯೇ ಇಲ್ಲ. ಆತ ತಪ್ಪುವುದು, ಈ ಹಂಚಿಕೆಯನ್ನು ಪ್ರಕೃತಿನಿಯಮವೆಂದು ತಿಳಿದು, ಅದರಂತೆಯೇ ತನ್ನ ಪಾಳಿ, ರಜೆ, ಬಡ್ತಿಗಳನ್ನು ಹೊಂದಿಸುವುದರಲ್ಲಿ. ಅದರಲ್ಲಿ ಆತನಿಗೆ ಕಾನೂನಿನ ಬೆಂಬಲವೂ ಸಾಕಷ್ಟಿದೆ. ಕೇಂದ್ರ ಸರ್ಕಾರದ ಪುರುಷ ನೌಕರನಿಗೆ ಮಗು ಹುಟ್ಟಿದಾಗ 15 ದಿನಗಳ ಪಿತೃತ್ವ ರಜೆಯುಂಟು. ಸ್ತ್ರೀ ನೌಕರಳಿಗೆ ಹೆರಿಗೆಯ ರಜೆಯಲ್ಲದೆ ಮಕ್ಕಳ ಪಾಲನೆಗೆಂದು ಸೇವಾವಧಿಯಲ್ಲಿ 730 ದಿನಗಳವರೆಗೆ ರಜೆಯುಂಟು. ಹಳೆಯ ಕಾಯಿದೆಗಳನ್ನೆಲ್ಲ ಒಗ್ಗೂಡಿಸಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಹೆರಿಗೆಯ 26 ವಾರ ಹಾಗೆಯೇ ಇದೆ, ಶಿಶುಪಾಲನಾ ಕೇಂದ್ರವಿದೆ, ಒಪ್ಪಿಗೆಯಿತ್ತ ಸ್ತ್ರೀಗೆ ರಾತ್ರಿ ಪಾಳಿಯೂ ಇದೆ. ಖಾಸಗಿ ಉದ್ಯೋಗದಲ್ಲಿರುವ ತಂದೆಗೆ ಮಗುವಿನ ಸಲುವಾಗಿ ಒಂದು ದಿನದ ರಜೆಯೂ ಅವುಗಳಲ್ಲಿಲ್ಲ.